ಕೋಟೆಯ ನೆಲವನ್ನು ನೋಡದೆ ಮುಚ್ಚಬೇಡಿ: ಪುರಾತತ್ವ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧೀಕ್ಷಕ ಪುರಾತತ್ವವಿದರು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಬೆಂಗಳೂರು ವೃತ್ತ;
ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು;
ಹಾಗೂ ಬೆಂಗಳೂರು ನಗರಾಡಳಿತದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ

ವಿಷಯ: ಬೆಂಗಳೂರು ಕೋಟೆಯ ಅರಮನೆ ಆವರಣ, ಅದರ ಉಪಕಟ್ಟಡಗಳು ಮತ್ತು ಸುತ್ತಲಿನ ನೆಲದ ಪುರಾತತ್ವ ಪರಿಶೀಲನೆಯನ್ನು ಕೋರಿ

ಮಾನ್ಯರೇ,

ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ಈಗ ನಿವೃತ್ತನಾಗಿದ್ದೇನೆ. ಪುರಾತತ್ವ ನನ್ನ ವೃತ್ತಿಯಲ್ಲ. ಆದರೆ ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಕೋಟೆಯ ದೆಹಲಿ ಬಾಗಿಲಿಗೂ ಆಲ್ಬರ್ಟ್ ವಿಕ್ಟರ್ ರಸ್ತೆಯಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆಗೂ ಕರೆದುಕೊಂಡು ಹೋಗುವುದನ್ನು ನಾನು ಒಂದು ವ್ರತದಂತೆ ನಡೆಸಿಕೊಂಡು ಬಂದೆ. ತೇಗದ ಕಂಬಗಳನ್ನೂ ಕಮಾನುಗಳನ್ನೂ ನೋಡಿದ ಮೇಲೆ ಯಾವುದಾದರೊಂದು ಮಗು ತಪ್ಪದೆ ಕೇಳುತ್ತಿತ್ತು: ಇಲ್ಲಿ ಅಡುಗೆ ಮನೆ ಎಲ್ಲಿತ್ತು, ಕುದುರೆಗಳನ್ನು ಎಲ್ಲಿ ಕಟ್ಟುತ್ತಿದ್ದರು, ಕೆಲಸದವರು ಎಲ್ಲಿ ಮಲಗುತ್ತಿದ್ದರು ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರ ಎಲ್ಲಾದರೂ ಉಳಿದಿದ್ದರೆ ಅದು ಅರಮನೆಯ ಬೇಲಿಯ ಆಚೆ, ರಸ್ತೆಗಳ, ಆಸ್ಪತ್ರೆಯ ಅಂಗಳಗಳ, ಬಸ್ ನಿಲ್ದಾಣದ ಮತ್ತು ಮಾರುಕಟ್ಟೆಯ ಕೆಳಗಿನ ನೆಲದಲ್ಲಿ ಮಾತ್ರ ಉಳಿದಿದೆ. ಆ ನೆಲವನ್ನು ಯಾರೂ ಓದದೆಯೇ ದಿನದಿನವೂ ಅಗೆದು ಹೊರಗೆ ಸಾಗಿಸಲಾಗುತ್ತಿದೆ ಎಂಬುದೇ ಈ ಪತ್ರಕ್ಕೆ ಕಾರಣ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಕಳೆದ ಮಳೆಗಾಲಕ್ಕೆ ಮುಂಚೆ, ಹಳೆಯ ಕೋಟೆಯ ಸರಹದ್ದಿನೊಳಗೆ ಬರುವ ಒಂದು ಅಡ್ಡರಸ್ತೆಯಲ್ಲಿ ಕೊಳವೆ ಹಾಕುವುದಕ್ಕಾಗಿ ಕಾಲುವೆ ತೋಡಿದ್ದರು. ಬೆಳಗಿನ ವಾಯುಸಂಚಾರಕ್ಕೆ ಹೋದವನು ಅದರ ಅಂಚಿನಲ್ಲಿ ನಿಂತು ಇಣುಕಿದೆ. ಮೇಲೆ ಡಾಂಬರು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಇಟ್ಟಿಗೆ ಚೂರು ಬೆರೆತ ಬೂದು ಬಣ್ಣದ ತುಂಬು ಮಣ್ಣು. ಸೊಂಟದ ಆಳ ದಾಟಿದ ಮೇಲೆ ಒಮ್ಮೆಗೇ ಚೊಕ್ಕಟವಾದ ಒಂದು ಬಿಳಿ ಗೆರೆ ಕಾಣಿಸಿತು. ಅದು ಮೂರು ಬೆರಳು ದಪ್ಪದ ಗಾರೆಯ ನೆಲ. ಅದರ ಒಂದು ಕೊನೆಗೆ ತಾಗಿಕೊಂಡು ಒರಟಾಗಿ ಕೆತ್ತಿದ ಕಲ್ಲುಗಳ ಒಂದು ಸಾಲು, ಅದರ ಮೇಲೆ ತೆಳ್ಳನೆಯ ಅಗಲ ಇಟ್ಟಿಗೆಗಳ ಎರಡು ವರಸೆ. ಗಾರೆಯ ಕೆಳಗೆ ಇದ್ದಿಲು ಬೆರೆತ ಕಪ್ಪು ಮಣ್ಣಿನ ಪದರ. ರಾಶಿ ಹಾಕಿದ ಮಣ್ಣಿನಲ್ಲಿ ಕೆಂಪು ಮಡಕೆಯ ಚೂರುಗಳು, ನೀಲಿ ಹೂವಿನ ಗೆರೆಯಿದ್ದ ಪಿಂಗಾಣಿಯ ಒಂದು ತುಣುಕು, ಮೂಳೆಗಳು, ಅರ್ಧ ಒಡೆದ ಒಂದು ಬೀಸುಕಲ್ಲು. ಬೀಸುಕಲ್ಲನ್ನು ಬದಿಗೆ ಎತ್ತಿಟ್ಟ ಉತ್ತರ ಕರ್ನಾಟಕದ ಕಡೆಯ ಕೂಲಿಕಾರರೊಬ್ಬರು, "ನಮ್ಮ ಅವ್ವನ ಮನ್ಯಾಗೂ ಇಂಥಾದ್ದ ಐತ್ರಿ" ಎಂದರು. ಅಂದು ಅಲ್ಲಿ ಅದಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ.

ನಾನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ, ಕೊಡೆಯ ಕೋಲನ್ನು ಅಳತೆಗೆ ಪಕ್ಕದಲ್ಲಿಟ್ಟು ಗಾರೆಯ ಆಳವನ್ನು ಬರೆದುಕೊಂಡೆ. ಗುತ್ತಿಗೆದಾರರ ಮೇಲ್ವಿಚಾರಕರನ್ನು ಕೇಳಿದಾಗ, ಸಂಜೆಯೊಳಗೆ ಕೊಳವೆ ಇಳಿಸಬೇಕೆಂಬ ಆದೇಶ ತಮಗಿದೆ ಎಂದರು. ಅವರದು ತಪ್ಪೆನ್ನಲಾರೆ. ಒಂದು ಕಚೇರಿಗೆ ದೂರವಾಣಿ ಮಾಡಿದೆ, ಆ ರಸ್ತೆ ತಮ್ಮ ಸಂರಕ್ಷಿತ ಗಡಿಗೆ ಸೇರಿಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ ಎಂದರು. ಅರ್ಜಿ ಬರೆದುಕೊಂಡು ಮರುದಿನ ಹೊರಡುವ ಹೊತ್ತಿಗೆ ಕಾಲುವೆ ಮುಚ್ಚಿ ಕಾಂಕ್ರೀಟು ಬಿದ್ದಿತ್ತು. ಮಣ್ಣು ಲಾರಿಯಲ್ಲಿ ಹೋಗಿತ್ತು, ಬೀಸುಕಲ್ಲೂ ಹೋಗಿತ್ತು. ಆ ಗಾರೆಯ ನೆಲ 18ನೆಯ ಶತಮಾನದ್ದೋ, ಅದಕ್ಕೂ ಹಳೆಯದೋ, ಕಂಪನಿ ಸರ್ಕಾರದ ಕಾಲದ್ದೋ ನಾನು ಹೇಳಲಾರೆ. ಮುಂದೆ ಯಾರೂ ಹೇಳಲಾರರು ಎಂಬುದೇ ನನ್ನ ಅಳಲು. ಶಾಸನವನ್ನು ಯಾರಾದರೂ ಒಡೆದರೆ ಅದರ ಪ್ರತಿ, ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಸಂಪುಟದಲ್ಲಾದರೂ ಸಿಕ್ಕೀತು. ಮಣ್ಣಿನ ಪದರಕ್ಕೆ ಪ್ರತಿಯಿಲ್ಲ.

ಮಾನ್ಯರೇ, ಆ ನೆಲದಲ್ಲಿ ಏನೇನಿರಬಹುದು ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಸಾರ್ವಜನಿಕರೂ ಈ ಪತ್ರವನ್ನು ಓದುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯ ನೆನಪಿನಿಂದ ಆರಂಭವಾಗುವ ಈ ಊರು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಕೈಗೆ ಹೋಯಿತು, 1687ರಲ್ಲಿ ಮೊಗಲರದಾಯಿತು, 1690ರ ಹೊತ್ತಿಗೆ ಚಿಕ್ಕದೇವರಾಜ ಒಡೆಯರದಾಯಿತು. ಪೇಟೆಯ ದಕ್ಷಿಣಕ್ಕೆ ಅಂಡಾಕಾರದ ಕೋಟೆಯೂ ಅದರೊಳಗೆ ವೆಂಕಟರಮಣಸ್ವಾಮಿ ದೇವಾಲಯವೂ ಎದ್ದವು. 1761ರಿಂದ ಈಚೆಗೆ ಹೈದರಾಲಿ ಆ ಕೋಟೆಯನ್ನು ಕಲ್ಲಿನಲ್ಲಿ ಬಲಪಡಿಸಿದ, 1781ರಲ್ಲಿ ಅರಮನೆಯ ಕೆಲಸ ಆರಂಭಿಸಿದ, 1791ರಲ್ಲಿ ಟಿಪ್ಪು ಅದನ್ನು ಮುಗಿಸಿದ. ಅದೇ ವರ್ಷ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಗೋಡೆ ಒಡೆದು ಒಳನುಗ್ಗಿತು. ಕೋಟೆಯ ಅಧಿಪತಿಯಾಗಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಗೋಡೆ ಒಡೆದ ಜಾಗವನ್ನು ತೋರಿಸುವ ಇಂಗ್ಲಿಷರ ಫಲಕ ಇಂದಿಗೂ ಇದೆ. ಕೋಟೆಯನ್ನು ಕಾದವರೂ ಅದರೊಳಗೆ ಬಾಳಿದವರೂ ಇದ್ದ ಜಾಗವನ್ನು ತೋರಿಸುವ ಫಲಕ ಒಂದೂ ಇಲ್ಲ. ಕೋಟೆ ಮರಳಿ ಕೈಗೆ ಬಂದ ಮೇಲೆ ಟಿಪ್ಪುವೇ ಅದನ್ನು ಕೆಡವಿಸಿದ್ದನ್ನೂ, ದಿವಾನ್ ಪೂರ್ಣಯ್ಯ ಮತ್ತೆ ದುರಸ್ತಿ ಮಾಡಿಸುತ್ತಿದ್ದುದನ್ನೂ 1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆಂದು ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಕಟ್ಟಿದ ಪದರ, ಮುತ್ತಿಗೆಯ ಪದರ, ಕೆಡವಿದ ಪದರ, ದುರಸ್ತಿಯ ಪದರ: ಕಾಲಮಾನ ಇಷ್ಟು ಖಚಿತವಾಗಿ ಗೊತ್ತಿರುವ ನೆಲ ಪುರಾತತ್ವಜ್ಞರಿಗೆ ಸುಲಭವಾಗಿ ದೊರೆಯುವಂಥದ್ದಲ್ಲ.

ಆಮೇಲಿನ ಕಥೆಯೂ ಇದೇ ಮಣ್ಣಿನಲ್ಲಿದೆ. 1831ರಿಂದ 1868ರಲ್ಲಿ ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ, ಹೋಗುವವರೆಗೆ ಮೈಸೂರಿನ ಆಡಳಿತ ನಡೆದದ್ದು ಈ ಅರಮನೆಯಿಂದಲೇ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ, 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಇಲ್ಲಿಯೇ ಬಂದವು. ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಗೋಡೆಗಳು ಒಂದೊಂದಾಗಿ ಬಿದ್ದವು, ಕಂದಕ ತುಂಬಿತು. ಉಳಿದದ್ದು ಉತ್ತರದ ದೆಹಲಿ ಬಾಗಿಲಿನ ಭಾಗ, ಅರಮನೆಯ ಒಂದು ತುಂಡು, ದೇವಾಲಯ, ಕಲಾಸಿಪಾಳ್ಯದ ಕಡೆಯ ಮದ್ದಿನಮನೆ. ಒಂದೇ ದೇಹದ ಈ ಅಂಗಗಳ ನಡುವೆ ಇಂದು ವಾಹನಗಳು ಹರಿಯುತ್ತವೆ. ಕೋಟೆ ನೋಡಲು ಬಂದವರಲ್ಲಿ ಹೆಚ್ಚಿನವರಿಗೆ ಅರಮನೆಯೂ ಮದ್ದಿನಮನೆಯೂ ಅದೇ ಕೋಟೆಯ ಒಳಗಿದ್ದವು ಎಂಬುದೇ ತಿಳಿಯುವುದಿಲ್ಲ.

ಈ ಕೊರತೆ ತುಂಬಲು ಬೇಕಾದ ದಾಖಲೆಗಳಿಗೆ ನಮ್ಮಲ್ಲಿ ಬರವಿಲ್ಲ. 1791ರ ದಾಳಿಯ ಬೆನ್ನಿಗೇ ಕಂಪನಿ ಸೇನೆಯ ಅಧಿಕಾರಿ ಕ್ಲಾಡ್ ಮಾರ್ಟಿನ್ ತಯಾರಿಸಿದ ನಕ್ಷೆಯಲ್ಲಿ ಅಂಡಾಕಾರದ ಕೋಟೆ, ಬುರುಜುಗಳು, ಕಂದಕ, ಪಕ್ಕದ ಪೇಟೆ ಎಲ್ಲವೂ ಅಚ್ಚುಕಟ್ಟಾಗಿ ಮೂಡಿವೆ. ಕಾರ್ನ್‌ವಾಲಿಸನ ಸೇನೆಯ ಜೊತೆ ಬಂದ ರಾಬರ್ಟ್ ಹೋಮ್ ಮತ್ತು ಜೇಮ್ಸ್ ಹಂಟರ್ ಬರೆದ ಚಿತ್ರಗಳಲ್ಲಿ ಕೋಟೆಯೂ ಅರಮನೆಯೂ ಕಾಣುತ್ತವೆ. ಆ ನಕ್ಷೆಯನ್ನು ಇಂದಿನ ನಗರದ ನಕ್ಷೆಯ ಮೇಲೆ ಹೊಂದಿಸಿ, ನಿಂತಿರುವ ದೆಹಲಿ ಬಾಗಿಲನ್ನೂ ಅರಮನೆಯನ್ನೂ ದೇವಾಲಯವನ್ನೂ ಗೂಟಗಳಂತೆ ಹಿಡಿದುಕೊಂಡರೆ, ಯಾವ ರಸ್ತೆಯ ಕೆಳಗೆ ಕಂದಕ ಇರಬೇಕು, ಯಾವ ಅಂಗಳದ ಕೆಳಗೆ ಬುರುಜಿನ ಬುಡ ಇರಬೇಕು ಎಂಬುದನ್ನು ಹತ್ತಾರು ಅಡಿಗಳ ಅಂದಾಜಿನಲ್ಲಿ ಹೇಳಬಹುದು. ಈ ಕೆಲಸಕ್ಕೆ ಗುದ್ದಲಿಯೂ ಬೇಕಿಲ್ಲ.

ಉಪಕಟ್ಟಡಗಳ ಮೇಲೆ ನಾನೇಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ಅರಮನೆ ಎಂಬುದು ದರ್ಬಾರಿನ ಮಹಡಿಯೊಂದರಿಂದ ನಡೆಯುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಸುಲ್ತಾನ ಕೂರುತ್ತಿದ್ದ ಮೊಗಸಾಲೆಗಳ ಬಗ್ಗೆ ಬುಕಾನನ್ ಬರೆದಿದ್ದಾನೆ, ಮಣ್ಣಿನಲ್ಲಿ ಕಟ್ಟಿದ್ದರೂ ಅದಕ್ಕೊಂದು ವೈಭವವಿದೆ ಎಂದು ಮೆಚ್ಚಿದ್ದಾನೆ. ಅಂಥ ಒಂದು ಮಹಡಿ ನಡೆಯಬೇಕಾದರೆ ಅದರ ಹಿಂದೆ ಪಾಕಶಾಲೆ, ಉಗ್ರಾಣ, ಲಾಯ, ಕಣಜ, ಬಾವಿ, ಕಮ್ಮಾರಸಾಲೆ, ಮದ್ದಿನಮನೆ, ಕಾವಲುಗಾರರ ಗುಡಾರ ಇರಲೇಬೇಕು. ರಾಜರ ಹೆಸರು, ಯುದ್ಧದ ತಾರೀಖು ಬಖೈರುಗಳಲ್ಲೂ ಕಂಪನಿಯ ಕಾಗದಗಳಲ್ಲೂ ಸಿಗುತ್ತವೆ. ರಾಗಿ ಬೀಸಿದ ಹೆಂಗಸು, ನೀರು ಸೇದಿದ ಆಳು, ಕಬ್ಬಿಣ ಕಾಯಿಸಿದ ಕಮ್ಮಾರ ಎಂದಿಗೂ ಕಾಗದಕ್ಕೆ ಬಂದವರಲ್ಲ. ಅವರ ಬದುಕಿನ ಸಾಕ್ಷಿ ಬೂದಿಯಲ್ಲಿದೆ, ಸುಟ್ಟು ಕರಿಕಾದ ಧಾನ್ಯದಲ್ಲಿದೆ, ಒಲೆಯ ಕೆಂಪು ಮಣ್ಣಿನಲ್ಲಿದೆ, ತಿಂದೆಸೆದ ಮೂಳೆಯಲ್ಲಿದೆ. ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದರೆ ಅಂದು ಕೋಟೆಯೊಳಗೆ ಅಕ್ಕಿ ಉಂಡವರು ಯಾವ ಭಾಗದಲ್ಲಿದ್ದರು, ರಾಗಿ ಉಂಡವರು ಎಲ್ಲಿದ್ದರು ಎಂಬುದೂ ತಿಳಿದೀತು. ಮುತ್ತಿಗೆಯ ದಿನಗಳಲ್ಲಿ ಜನ ಏನು ತಿಂದು ಬದುಕಿದರು ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದ್ದೀತು. ಸಿದ್ದಿಕಟ್ಟೆಯ ತಳದ ಕೆಸರು ಎಲ್ಲಾದರೂ ಅಲುಗಾಡದೆ ಉಳಿದಿದ್ದರೆ ಅದರಲ್ಲಿ ಗಾಳಿಗೆ ತೆರೆದುಕೊಳ್ಳದ ಮರ, ಚರ್ಮ, ಬೀಜಗಳೂ ಉಳಿದಿರುವ ಸಂಭವವಿದೆ. ದರ್ಬಾರಿನ ಕಮಾನಿನಷ್ಟೇ ಗೌರವ ಈ ಕೆಸರಿಗೂ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಊಹೆಯಲ್ಲ ಎನ್ನಲು ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಹಾಳುಬಿದ್ದ ಬಾವಿಯೊಂದರ ಕೆಸರನ್ನು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್‌ಗಳು ದೊರೆತವು. ಮೈಸೂರು ರಾಕೆಟ್ಟಿನ ಬಗ್ಗೆ ಪುಸ್ತಕಗಳಲ್ಲಿ ಓದಿಕೊಂಡಿದ್ದ ಜಗತ್ತಿಗೆ ಅದರ ಕಬ್ಬಿಣದ ಕೊಳವೆಯನ್ನು ಕೈಯಲ್ಲಿ ಹಿಡಿದು ಅಳೆಯುವ ಭಾಗ್ಯ ಒಂದು ಪಾಳುಬಾವಿಯಿಂದ ಬಂತು. ಅರಮನೆಯಿಂದ ಕೂಗಳತೆಯಲ್ಲಿ, ರಾಕೆಟ್ ತಯಾರಿಕೆಯೊಂದಿಗೆ ನಂಟಿದೆ ಎನ್ನಲಾಗುವ ತಾರಾಮಂಡಲಪೇಟೆ ಎಂಬ ಹೆಸರನ್ನೇ ಹೊತ್ತಿರುವ ಬೆಂಗಳೂರಿನಲ್ಲಿ ಅಂಥ ಬಾವಿಗಳು ಎಷ್ಟು ಮುಚ್ಚಿಹೋಗಿವೆಯೋ! ಮೆಟ್ರೋ ಸುರಂಗ ನಿಲ್ದಾಣಕ್ಕಾಗಿ ಇದೇ ಕೋಟೆಯ ನೆಲವನ್ನು ಅಗೆದಾಗ ಫಿರಂಗಿಗಳು ಹೊರಬಂದದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದೆವು. ಫಿರಂಗಿ ದೊಡ್ಡದು, ಭಾರವಾದದ್ದು, ಯಂತ್ರದ ಬಾಯಿಗೆ ಸಿಕ್ಕಿದರೂ ಮುರಿಯದು, ಆದ್ದರಿಂದ ಉಳಿಯಿತು. ಅದರ ಅಕ್ಕಪಕ್ಕದಲ್ಲಿ ಇದ್ದಿರಬಹುದಾದ ಗುಂಡು ಎರಕದ ಮೂಸೆ, ಚರ್ಮದ ಚೂರು, ಹರಿದ ಚಪ್ಪಲಿ ಉಳಿಯಲು ಅವುಗಳಿಗಾಗಿಯೇ ಕಾದು ನಿಂತ ಕಣ್ಣು ಬೇಕಾಗುತ್ತದೆ.

ಉಪಕಟ್ಟಡಗಳನ್ನು ಉಳಿಸುವುದು ನಮ್ಮಿಂದಾಗದ ಕೆಲಸವೂ ಅಲ್ಲ. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಮದ್ದಿನಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿನಷ್ಟು ದೂರಕ್ಕೆ ಸರಿಸಿದೆವು. ಇಟ್ಟಿಗೆ ಗಾರೆಯ ಆ ಕಟ್ಟಡದ ಭಾರ ಸುಮಾರು 1,000 ಟನ್. ಒಂದು ಮದ್ದಿನಮನೆಗಾಗಿ ರೈಲ್ವೆ ಹಳಿ ಅಷ್ಟು ತಾಳ್ಮೆ ತೋರಿದ್ದರೆ, ಒಂದು ಕೊಳವೆಯ ಕಾಲುವೆ ಎರಡು ದಿನ ತಾಳಲಾರದೇ?

ಈಗ ಕಾನೂನಿನ ಮಾತಿಗೆ ಬರುತ್ತೇನೆ. ತೊಡಕಿನ ಬೇರು ಇರುವುದು ಅಲ್ಲಿಯೇ ಎಂದು ನನಗೆ ಅನ್ನಿಸಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅರಮನೆಯ ಪಕ್ಕದ ಬಡ ಮನೆಯವರು ಮಹಡಿ ಏರಿಸಬೇಕೆಂದರೆ ಅನುಮತಿಗಾಗಿ ಅಲೆಯಬೇಕು. ಆದರೆ ಅದೇ ಕಾಯ್ದೆ "ನಿರ್ಮಾಣ" ಎಂಬ ಪದಕ್ಕೆ ಕೊಟ್ಟಿರುವ ಅರ್ಥದಿಂದ ಚರಂಡಿ, ಸಾರ್ವಜನಿಕ ನೀರು ಪೂರೈಕೆ, ವಿದ್ಯುತ್ ಪೂರೈಕೆಯ ಕಾಮಗಾರಿಗಳನ್ನು ಹೊರಗಿಟ್ಟಿದೆ. ಜನರ ಅಗತ್ಯ ಸೌಕರ್ಯಗಳಿಗೆ ಅಡ್ಡಿಯಾಗಬಾರದು ಎಂಬ ಅದರ ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಹೀಗಾಗಿದೆ: ನೆಲದ ಮೇಲೆ ಏಳುವ ಗೋಡೆಯನ್ನು ಕಾನೂನು ನೋಡುತ್ತದೆ, ನೆಲದಿಂದ ಹೊರಬೀಳುವ ಮಣ್ಣನ್ನು ನೋಡುವುದಿಲ್ಲ. ಪುರಾತತ್ವದ ದೃಷ್ಟಿಯಿಂದ ಹೆಚ್ಚು ಹಾನಿ ಮಾಡುವುದು ಎರಡನೆಯದೇ. ಇನ್ನು ಕೋಟೆಯ ಬಹುಪಾಲು ನೆಲ ಆ 100 ಮೀಟರಿನ ಹೊರಗಿದೆ. ಅಲ್ಲಿ ರಾಜ್ಯ ಇಲಾಖೆ ಉತ್ಖನನ ಮಾಡಬೇಕೆಂದರೂ ಅದೇ ಕಾಯ್ದೆಯ ಪ್ರಕಾರ ಕೇಂದ್ರದ ಪೂರ್ವಾನುಮತಿ ಬೇಕು. ಆದ್ದರಿಂದ ಇಬ್ಬರೂ ಒಟ್ಟಿಗೆ ಕೂರದೆ ಈ ನೆಲಕ್ಕೆ ನ್ಯಾಯ ಸಿಗದು, ಅದಕ್ಕಾಗಿಯೇ ಈ ಪತ್ರವನ್ನು ಇಬ್ಬರ ಹೆಸರಿಗೂ ಬರೆದಿದ್ದೇನೆ.

ನನ್ನ ಮೊದಲನೆಯ ಕೋರಿಕೆ ಇದೇ: ಎರಡೂ ಇಲಾಖೆಗಳು ಮತ್ತು ನಗರಾಡಳಿತ ಸೇರಿ ಹಳೆಯ ಕೋಟೆಯ ಪೂರ್ಣ ವ್ಯಾಪ್ತಿಯನ್ನು, ಕಂದಕದ ಹೊರ ಅಂಚಿನವರೆಗೆ, ಒಂದೇ ಪುರಾತತ್ವ ನಿವೇಶನ ಎಂದು ಗುರುತಿಸಿ ನಕ್ಷೆ ತಯಾರಿಸಬೇಕು. ಆ ನಕ್ಷೆಯನ್ನು ರಸ್ತೆ ಅಗೆಯುವ ಪ್ರತಿಯೊಂದು ಸಂಸ್ಥೆಯ ಕೈಗೂ ಕೊಡಬೇಕು. ಆ ಗೆರೆಯೊಳಗೆ ಮೂರು ಅಡಿಗಿಂತ ಆಳಕ್ಕೆ ಇಳಿಯುವ ಯಾವ ಕಾಮಗಾರಿಯೇ ಆಗಲಿ, ಅದಕ್ಕೆ ಹದಿನೈದು ದಿನ ಮೊದಲು ತಮಗೆ ಸೂಚನೆ ತಲುಪುವಂತೆಯೂ, ಅಗೆಯುವಾಗ ತರಬೇತಿ ಪಡೆದ ಒಬ್ಬ ಪುರಾತತ್ವಜ್ಞರು ಕಾಲುವೆಯ ಪಕ್ಕದಲ್ಲಿ ನಿಂತು ಪದರಗಳನ್ನು ಅಳೆದು ಬರೆದುಕೊಂಡು ಮಣ್ಣನ್ನು ಜರಡಿ ಹಿಡಿಸುವಂತೆಯೂ ಗುತ್ತಿಗೆಯ ಷರತ್ತುಗಳಲ್ಲೇ ಸೇರಿಸಬೇಕು. ಕಾಯ್ದೆಯ ತಿದ್ದುಪಡಿಗೆ ಕಾಯಬೇಕಿಲ್ಲ. ಒಂದು ಆಡಳಿತಾತ್ಮಕ ಆದೇಶ ಸಾಕು. ಒಬ್ಬರ ದಿನಗೂಲಿ ಕಾಮಗಾರಿಯ ವೆಚ್ಚದಲ್ಲಿ ಎದ್ದು ಕಾಣುವ ಮೊತ್ತವೂ ಅಲ್ಲ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಪ್ರಾಚೀನ ಇತಿಹಾಸ ಓದಿ ಕೆಲಸವಿಲ್ಲದೆ ಕುಳಿತಿರುವ ಯುವಕ ಯುವತಿಯರು ನನ್ನ ಶಿಷ್ಯರಲ್ಲೇ ಇದ್ದಾರೆ.

ಎರಡನೆಯದಾಗಿ, ತೆರೆದ ನೆಲ ಇನ್ನೂ ಉಳಿದಿರುವ ಕಡೆ, ಅಂದರೆ ಅರಮನೆಯ ಉದ್ಯಾನ, ದೆಹಲಿ ಬಾಗಿಲಿನ ಒಳ ಅಂಗಳ, ಮದ್ದಿನಮನೆಯ ಸುತ್ತಮುತ್ತ, ಮೊದಲು ನೆಲದೊಳಗೆ ಇಣುಕುವ ರೇಡಾರ್ ಸಮೀಕ್ಷೆ ನಡೆಸಿ, ಗೋಡೆಗಳ ಸುಳಿವು ಸಿಕ್ಕ ಜಾಗದಲ್ಲಿ ಸಣ್ಣ ಪರೀಕ್ಷಾ ಗುಂಡಿಗಳನ್ನು ತೋಡಬೇಕು. ಇಡೀ ಅಂಗಳವನ್ನು ಅಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅಗೆತವೂ ಒಂದು ಬಗೆಯ ನಾಶವೇ, ಮುಂದಿನ ತಲೆಮಾರಿನ ಉತ್ತಮ ಸಲಕರಣೆಗಳಿಗೂ ನೆಲ ಉಳಿದಿರಬೇಕು. ನಿಂತಿರುವ ಕಟ್ಟಡಗಳಿಗೂ ಇದೇ ಪರಿಶೀಲನೆ ಸಲ್ಲಬೇಕು. ಮದ್ದಿನಮನೆಗೆ ಸುಣ್ಣ ಬಳಿಯುವ ಅಥವಾ ಸಿಮೆಂಟು ಮೆತ್ತುವ ಮೊದಲು ಅದರ ಇಟ್ಟಿಗೆಯ ಅಳತೆ, ಗಾರೆಯ ಮಿಶ್ರಣ, ಗೋಡೆಯಲ್ಲಿ ಮುಚ್ಚಿದ ಬಾಗಿಲುಗಳ ಗುರುತು, ನೆಲದ ಮೂಲ ಮಟ್ಟ ಎಲ್ಲವನ್ನೂ ದಾಖಲಿಸಬೇಕು. ಹಳೆಯ ಗಾರೆಯ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆಯನ್ನೇ ತಿನ್ನುತ್ತದೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ಆದರೆ ಬಿಲ್ಲು ಬರೆಯುವವರಿಗೆ ಅದನ್ನು ಯಾರಾದರೂ ಹೇಳಬೇಕು.

ಮೂರನೆಯದು ವರದಿಯ ವಿಷಯ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಷ್ಟು ಹಿಂದೆಯೇ ಹುಟ್ಟಿದ್ದು. ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರಂಥ ಹಿರಿಯರು ವರ್ಷ ವರ್ಷವೂ ಪ್ರಕಟಿಸಿದ ವರದಿಗಳನ್ನು ನಾವು ಇಂದಿಗೂ ತೆರೆದು ಓದುತ್ತೇವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ನೆಲ ನಮಗೆ ಮಾತಾಡಿದ್ದು ಆ ವರದಿಗಳಿಂದ. ಆ ಪರಂಪರೆಗೆ ತಕ್ಕಂತೆ, ಕೋಟೆಯ ನೆಲದಲ್ಲಿ ಸಿಕ್ಕದ್ದೇನು, ಅದು ಈಗ ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನು ಕನ್ನಡದಲ್ಲಿಯೂ ಪ್ರಕಟಿಸಬೇಕು. ವಸ್ತುಗಳು ದೂರದ ಉಗ್ರಾಣ ಸೇರುವ ಬದಲು ಕೋಟೆಯ ಆವರಣದಲ್ಲೇ ಒಂದು ಕೋಣೆಯಲ್ಲಿ ಜನರ ಕಣ್ಣಿಗೆ ಬೀಳುವಂತಾಗಬೇಕು.

ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಈ ಕೋರಿಕೆಯನ್ನು ನೆಪ ಮಾಡಿಕೊಂಡು ಮಾರುಕಟ್ಟೆಯ ಹೂವಾಡಗಿತ್ತಿಯರನ್ನಾಗಲಿ, ಕಲಾಸಿಪಾಳ್ಯದ ಸಣ್ಣ ವ್ಯಾಪಾರಿಗಳನ್ನಾಗಲಿ ಎಬ್ಬಿಸುವುದನ್ನು ನಾನು ಒಪ್ಪಲಾರೆ. ಆಸ್ಪತ್ರೆಯ ಒಂದು ಹಾಸಿಗೆಗೂ ತೊಂದರೆಯಾಗಬಾರದು. ಆ ನೆಲದ ಮೇಲೆ ಇಂದು ದುಡಿದು ಉಣ್ಣುವವರು, ಕೆಳಗಿನ ಪದರಗಳಲ್ಲಿ ಮಲಗಿರುವ ದುಡಿಮೆಗಾರರ ನಿಜವಾದ ವಾರಸುದಾರರು. ಪರೀಕ್ಷಾ ಗುಂಡಿಯ ಬಳಿಗೆ ಅವರನ್ನೇ ಮೊದಲು ಕರೆದು ತೋರಿಸಬೇಕೆಂಬುದು ನನ್ನ ಆಸೆ.

ಅಂದು ನಾನು ತೆಗೆದ ಹನ್ನೊಂದು ಚಿತ್ರಗಳು ಮತ್ತು ಬರೆದುಕೊಂಡ ಅಳತೆಗಳು ನನ್ನ ಬಳಿ ಇವೆ. ನೆಲದಿಂದ ಒಂದು ಚೂರನ್ನೂ ನಾನು ತೆಗೆದುಕೊಂಡಿಲ್ಲ. ತಾವು ಹೇಳಿದ ದಿನ ಆ ರಸ್ತೆಗೆ ಬಂದು, ಗಾರೆಯ ನೆಲ ಕಂಡ ಜಾಗವನ್ನು ಹೆಜ್ಜೆಯಲ್ಲಿ ಅಳೆದು ತೋರಿಸಲು ಸಿದ್ಧನಿದ್ದೇನೆ. ಕೊಳವೆಯ ಎರಡೂ ಬದಿಗೆ, ಕಾಂಕ್ರೀಟಿನ ಕೆಳಗೆ, ಆ ಬಿಳಿ ಗೆರೆ ಇನ್ನೂ ಮುಂದುವರಿದಿರಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ,
ಚಾಮರಾಜಪೇಟೆ, ಬೆಂಗಳೂರು